ಮಂಡಿ ನೋವಿಗೆ ವಾಕಿಂಗ್ ಬಿಡಬೇಕಾ? ಮೊದಲು ಹೆಜ್ಜೆ ಚಿಕ್ಕದು ಮಾಡಿ ನೋಡಿ

ಪ್ರಶ್ನೆ: ನನಗೆ 62 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ನಿವೃತ್ತಿಯಾಗಿ ಎರಡು ವರ್ಷವಾಯಿತು. ದಿನಾ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹತ್ತಿರ 45 ನಿಮಿಷ ವಾಕಿಂಗ್ ಮಾಡುತ್ತೇನೆ. ಮೂರು ತಿಂಗಳಿಂದ ಬಲ ಮಂಡಿಯ ಒಳಬದಿಯಲ್ಲಿ ನೋವು. ಹೊರಟ 20 ನಿಮಿಷಕ್ಕೆ ಶುರುವಾಗುತ್ತದೆ, ಮೆಟ್ಟಿಲು ಇಳಿಯುವಾಗ ಜಾಸ್ತಿ. ಎಕ್ಸ್‌ರೇ ನೋಡಿದ ಡಾಕ್ಟರು "ಸ್ವಲ್ಪ ಸವೆತ ಇದೆ, ಗಾಬರಿ ಬೇಡ" ಅಂದರು. ತೂಕ 72 ಕೆ.ಜಿ. ಜೊತೆಯಲ್ಲಿ ನಡೆಯುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎದೆ ಎತ್ತಿ ಉದ್ದುದ್ದ ಹೆಜ್ಜೆ ಹಾಕಿ ಅಂತ ಒಬ್ಬರು, ಮುಂಗಾಲಲ್ಲಿ ನಡೆಯಿರಿ ಅಂತ ಇನ್ನೊಬ್ಬರು, ವಾಕಿಂಗೇ ಬಿಟ್ಟುಬಿಡಿ ಅಂತ ಮಗದೊಬ್ಬರು. ನಾನು ನಡೆಯುವ ರೀತಿಯಲ್ಲೇ ತಪ್ಪಿದೆಯಾ? ಹೇಗೆ ನಡೆಯಬೇಕು?

ಉತ್ತರ: ಕೊನೆಯ ಸಲಹೆಯಿಂದಲೇ ಶುರು ಮಾಡುತ್ತೇನೆ ಮೇಡಂ. ವಾಕಿಂಗ್ ಬಿಡಬೇಡಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಫಿಸಿಯೋಥೆರಪಿ ಮಾಡಿಕೊಂಡು ಬಂದಿದ್ದೇನೆ. ನೋವಿಗೆ ಹೆದರಿ ಕೂತುಬಿಟ್ಟವರ ಮಂಡಿ ಆರು ತಿಂಗಳಲ್ಲಿ ಇನ್ನಷ್ಟು ಬಿಗಿಯಾಗಿದ್ದನ್ನು ನೋಡಿದ್ದೇನೆಯೇ ಹೊರತು, ಕೂತಿದ್ದರಿಂದ ವಾಸಿಯಾದವರನ್ನು ನೋಡಿದ್ದು ತೀರಾ ಕಡಿಮೆ.

ಈ "ಸವೆತ" ಅನ್ನುವ ಪದವೇ ಅರ್ಧ ತೊಂದರೆ. ಅದನ್ನು ಕೇಳಿದ ಕೂಡಲೇ ಕಣ್ಣ ಮುಂದೆ ಸ್ಕೂಟರ್ ಟೈರ್ ಬರುತ್ತದೆ. ಓಡಿಸಿದಷ್ಟೂ ಸವೆಯುತ್ತದೆ, ಓಡಿಸದೆ ಇಟ್ಟರೆ ಉಳಿಯುತ್ತದೆ ಅನ್ನುವ ಲೆಕ್ಕ. ಮಂಡಿ ಟೈರ್ ಅಲ್ಲ. ಮೂಳೆ ತುದಿಗೆ ಮೆತ್ತಿಕೊಂಡಿರುವ ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಅದಕ್ಕೆ ಊಟ ಬರುವುದು ಕೀಲಿನೊಳಗಿರುವ ಲೋಳೆಯಂಥ ದ್ರವದಿಂದ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಹಿಂಡಿ ಬಿಟ್ಟರೆ ಹೀರಿಕೊಳ್ಳುತ್ತದಲ್ಲ, ಹಾಗೆ. ಭಾರ ಬೀಳಬೇಕು, ಏಳಬೇಕು, ಮತ್ತೆ ಬೀಳಬೇಕು. ಆ ಕೆಲಸವನ್ನು ನಡಿಗೆಗಿಂತ ಚೆನ್ನಾಗಿ ಮಾಡುವುದು ಬೇರೇನಿದೆ? ಇನ್ನು ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ನೇರ ಸಂಬಂಧ ಇಲ್ಲ. ಜಾಸ್ತಿ ಸವೆತ ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ. ಎಕ್ಸ್‌ರೇ ಸ್ವಚ್ಛವಾಗಿದ್ದೂ ಮೆಟ್ಟಿಲು ಹತ್ತಲಾರದವರೂ ಇದ್ದಾರೆ.

ಆದರೆ ಒಂದು ಮಾತು. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ, ಜ್ವರ ಬಂದರೆ, ಮಂಡಿ ಮಧ್ಯದಲ್ಲಿ ಸಿಕ್ಕಿಕೊಂಡು ಬಿಡಿಸಲಾಗದಿದ್ದರೆ, ನಡೆಯುವಾಗ ತಟ್ಟನೆ ಕುಸಿದರೆ, ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಕೆಳಗೆ ಬರೆದಿರುವುದನ್ನು ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಹೋಗಬೇಕು. ಬೆಳಿಗ್ಗೆ ಎದ್ದಾಗ ಕೀಲುಗಳು ಒಂದು ಗಂಟೆಯಾದರೂ ಸಡಿಲವಾಗದಿದ್ದರೆ ಅದು ಬೇರೆ ಬಗೆಯ ಸಂಧಿವಾತ ಇರಬಹುದು, ರಕ್ತ ಪರೀಕ್ಷೆ ಬೇಕು. ನೀವು ಬರೆದಿರುವುದರಲ್ಲಿ ಇವು ಯಾವುವೂ ಇಲ್ಲ. ಹಾಗಾಗಿ ಮುಂದುವರಿಸುತ್ತೇನೆ.

ನಡೆಯುವ ರೀತಿಯಲ್ಲಿ ತಪ್ಪಿದೆಯಾ ಅಂತ ಕೇಳಿದ್ದೀರಿ. ನೋಡದೆ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ನೀವೇ ನೋಡಿಕೊಳ್ಳಬಹುದು. ಮನೆಯ ಹಳೆಯ ಚಪ್ಪಲಿ ಜೋಡಿಯನ್ನು ತಲೆಕೆಳಗೆ ಮಾಡಿ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿರುವುದು ಎಲ್ಲರಲ್ಲೂ ಇರುತ್ತದೆ, ಅದು ಸಹಜ. ಎಡಕ್ಕೂ ಬಲಕ್ಕೂ ದೊಡ್ಡ ವ್ಯತ್ಯಾಸ ಇದೆಯಾ ಅನ್ನುವುದು ಮುಖ್ಯ. ಆಮೇಲೆ ಕೆರೆ ಏರಿಯ ಮೇಲೆ ಮೊಮ್ಮಕ್ಕಳೋ ಗೆಳತಿಯೋ ಫೋನಿನಲ್ಲಿ ವಿಡಿಯೊ ತೆಗೆಯಲಿ. ಒಂದು ಪಕ್ಕದಿಂದ, ಒಂದು ಹಿಂದಿನಿಂದ, ಇಪ್ಪತ್ತು ಹೆಜ್ಜೆ ಸಾಕು. ಹತ್ತು ನಿಮಿಷ ನಡೆದಾದ ಮೇಲೆ ತೆಗೆಸಿ. ಶುರುವಿನಲ್ಲಿ ತೆಗೆದರೆ ಎಲ್ಲರೂ ಫೋಟೋಗೆ ನಿಂತ ಹಾಗೆ ನಡೆಯುತ್ತಾರೆ.

ಮೂರನೆಯದು ಕಿವಿಯ ಪರೀಕ್ಷೆ. ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಉಪಯೋಗ. ಹತ್ತು ನಿಮಿಷ ಮಾತು ನಿಲ್ಲಿಸಿ, ಇಯರ್‌ಫೋನ್ ತೆಗೆದು, ನಿಮ್ಮ ಹೆಜ್ಜೆಯ ಸದ್ದು ಕೇಳಿ. ಧಪ್ ಧಪ್ ಅಂತ ಬೀಳುತ್ತಿದೆಯಾ? ಎರಡೂ ಕಾಲು ಒಂದೇ ಸದ್ದು ಮಾಡುತ್ತಿವೆಯಾ, ಇಲ್ಲ ಒಂದು ಧಪ್, ಒಂದು ಸರ್ ಅಂತಿದೆಯಾ? ನನ್ನ ಹತ್ತಿರ ಬರುವವರು ಒಳಗೆ ಕಾಲಿಡುವ ಮೊದಲೇ ಕಾರಿಡಾರಿನ ಸದ್ದಿನಲ್ಲಿ ಯಾವ ಕಾಲು ಅಂತ ಅರ್ಧ ಗೊತ್ತಾಗಿಬಿಟ್ಟಿರುತ್ತದೆ.

ಈಗ ಮುಖ್ಯ ವಿಷಯ. ನಿಮ್ಮಂಥ ಹತ್ತು ಜನ ಬಂದರೆ ಹೆಚ್ಚಿನವರಲ್ಲಿ ನಾನು ಕಾಣುವ ತಪ್ಪು ಒಂದೇ, ಹೆಜ್ಜೆ ಉದ್ದ ಜಾಸ್ತಿ. ಬೇಗ ನಡೆಯಬೇಕು ಅಂದರೆ ಕಾಲನ್ನು ದೂರಕ್ಕೆ ಎಸೆಯಬೇಕು ಅಂತ ನಾವು ತಿಳಿದಿದ್ದೇವೆ. ಕಾಲು ದೇಹಕ್ಕಿಂತ ತುಂಬಾ ಮುಂದೆ ಬಿದ್ದರೆ ಏನಾಗುತ್ತದೆ ನೋಡಿ. ಮಂಡಿ ನೇರ ಕೋಲಿನ ಹಾಗೆ ಸೆಟೆದಿರುತ್ತದೆ. ಹಿಮ್ಮಡಿ ನೆಲಕ್ಕೆ ಬಡಿಯುತ್ತದೆ. ಮುಂದೆ ಹೋಗುತ್ತಿರುವ ದೇಹಕ್ಕೆ ಅದು ಬ್ರೇಕ್ ಹಾಕಿದ ಹಾಗೆ. ಮಂಡಿ ಸ್ವಲ್ಪ ಬಾಗಿದ್ದರೆ ತೊಡೆಯ ಸ್ನಾಯು ಸ್ಪ್ರಿಂಗ್ ತರಹ ಆ ಹೊಡೆತ ತಿನ್ನುತ್ತದೆ. ಸೆಟೆದಿದ್ದರೆ ಹೊಡೆತ ನೇರ ಕೀಲಿಗೆ. ಸಮತಟ್ಟು ನೆಲದಲ್ಲಿ ನಡೆಯುವಾಗಲೇ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮಂಡಿಯ ಒಳಬದಿಗೆ. ನಿಮ್ಮ ನೋವು ಇರುವುದೂ ಅಲ್ಲೇ. "ಉದ್ದುದ್ದ ಹೆಜ್ಜೆ ಹಾಕಿ" ಅಂದವರಿಗೆ ನಮಸ್ಕಾರ ಹೇಳಿ ಸುಮ್ನೆ ಮುಂದೆ ನಡೆಯಿರಿ.

ಸರಿಮಾಡುವುದು ಹೇಗೆ? ನೀವು ಗಣಿತದವರು, ನಿಮಗೆ ಸುಲಭ. ಎಂದಿನ ಹಾಗೆ ನಡೆಯುತ್ತಾ ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತವೆ ಎಣಿಸಿ. ನೂರು ಬಂತು ಅಂದುಕೊಳ್ಳಿ. ಈಗ ವೇಗ ಬದಲಿಸದೆ ಅದನ್ನು 105ರಿಂದ 110ಕ್ಕೆ ತನ್ನಿ. ಅಂದರೆ ಶೇಕಡಾ 5ರಿಂದ 10ರಷ್ಟು ಹೆಚ್ಚು ಹೆಜ್ಜೆ, ಪ್ರತಿ ಹೆಜ್ಜೆ ಅಷ್ಟು ಚಿಕ್ಕದು. ಈಗ ನಿಮ್ಮ ಹೆಜ್ಜೆ 60 ಸೆಂಟಿಮೀಟರ್ ಇದ್ದರೆ ಕಡಿಮೆಯಾಗಬೇಕಾದ್ದು ಮೂರರಿಂದ ಐದು ಸೆಂಟಿಮೀಟರ್. ಎರಡು ಮೂರು ಬೆರಳಗಲ, ಅಷ್ಟೇ. ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಫೋನಿನಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಆ್ಯಪ್ ಸಿಗುತ್ತದೆ, ಅದಕ್ಕೆ ಹೆಜ್ಜೆ ಹೊಂದಿಸಬಹುದು. ಆ್ಯಪ್ ಬೇಡ ಅಂದರೆ ಹದಿಮೂರರ ಮಗ್ಗಿ ಹೇಳಿಕೊಂಡು ನಡೆಯಿರಿ. ಮಗ್ಗಿಗೆ ಒಂದು ಲಯ ಇದೆ ಅಲ್ವಾ, ಕಾಲು ತಾನಾಗಿ ಅದಕ್ಕೆ ಕೂಡಿಕೊಳ್ಳುತ್ತದೆ.

ಮೊದಲ ಎರಡು ದಿನ ಪುಟ್ಟ ಮಗುವಿನ ಹಾಗೆ ತಟತಟ ನಡೆಯುತ್ತಿದ್ದೇನೆ ಅನ್ನಿಸಿ ನಾಚಿಕೆಯಾಗುತ್ತದೆ. ಆಗಲಿ. ಇಡೀ 45 ನಿಮಿಷ ಹೀಗೆ ನಡೆಯಲು ಹೋಗಬೇಡಿ. ಎರಡು ನಿಮಿಷ ಹೊಸ ಹೆಜ್ಜೆ, ಮೂರು ನಿಮಿಷ ಮಾಮೂಲಿ, ಮತ್ತೆ ಎರಡು ನಿಮಿಷ ಹೊಸದು. ಅರವತ್ತು ವರ್ಷದ ಅಭ್ಯಾಸ ಒಂದು ಸುತ್ತಿನಲ್ಲಿ ಹೋಗುವುದಿಲ್ಲ. ಕಿವಿ ಮಾತ್ರ ತೆರೆದಿರಲಿ. ಸದ್ದು ಕಡಿಮೆಯಾಯಿತು ಅಂದರೆ ಸರಿಯಾಗಿ ಆಗುತ್ತಿದೆ ಅಂತ ಅರ್ಥ. ಬೇರೆ ಯಾವ ಸೂಚನೆಯೂ ಕೊಡದೆ "ಸದ್ದಿಲ್ಲದೆ ನಡೆಯಿರಿ" ಅಂತಷ್ಟೇ ಹೇಳಿದರೂ ಎಷ್ಟೋ ಜನರ ಹೆಜ್ಜೆ ತಾನಾಗಿ ಚಿಕ್ಕದಾಗಿ, ಮಂಡಿ ತಾನಾಗಿ ಸಡಿಲವಾಗುತ್ತದೆ.

ಮುಂಗಾಲಲ್ಲಿ ನಡೆಯುವ ಸಲಹೆ ಬೇಡವೇ ಬೇಡ. ಅದು ಓಟಗಾರರನ್ನು ನೋಡಿ ಕಲಿತ ಮಾತು. ನಡಿಗೆಯಲ್ಲಿ ಮೊದಲು ಹಿಮ್ಮಡಿ ಮುಟ್ಟುವುದೇ ಸಹಜ. ಹಿಮ್ಮಡಿ ಮೆಲ್ಲಗೆ ಊರಿ, ಭಾರ ಪಾದದ ಉದ್ದಕ್ಕೂ ಉರುಳಿ, ಕೊನೆಗೆ ಹೆಬ್ಬೆರಳಿನಿಂದ ನೆಲವನ್ನು ಹಿಂದಕ್ಕೆ ತಳ್ಳಬೇಕು. ಈ ಕೊನೆಯ ತಳ್ಳು ಮುಖ್ಯ. ವಯಸ್ಸಾದಂತೆ ನಾವು ಅದನ್ನು ಮರೆತು ಕಾಲನ್ನು ಎತ್ತಿ ಎತ್ತಿ ಇಡಲು ಶುರು ಮಾಡುತ್ತೇವೆ. ಮೀನಖಂಡ ಮಾಡಬೇಕಾದ ಕೆಲಸ ತೊಡೆ ಸಂದಿಗೆ ಬೀಳುತ್ತದೆ. ಇನ್ನು ದಿನವಿಡೀ ಮುಂಗಾಲಲ್ಲಿ ನಡೆದರೆ ಮಂಡಿ ನೋವಿನ ಜೊತೆಗೆ ಮೀನಖಂಡದ ನೋವೂ ಉಚಿತ.

ಭಂಗಿಯ ವಿಷಯಕ್ಕೆ ಬರೋಣ. "ಎದೆ ಮುಂದೆ, ಹೊಟ್ಟೆ ಒಳಗೆ, ಭುಜ ಹಿಂದೆ." ಶಾಲೆಯ ಡ್ರಿಲ್ ಪೀರಿಯಡ್‌ನಿಂದ ನಾವೆಲ್ಲ ಕೇಳಿಕೊಂಡು ಬಂದ ಮಾತಿದು. ನನಗೆ ಇದರ ಮೇಲೆ ಸ್ವಲ್ಪ ಸಿಟ್ಟಿದೆ. ಅರವತ್ತರ ನಂತರ ಹೀಗೆ ಸೆಟೆದುಕೊಂಡು ನಡೆದರೆ ಕೆಳಬೆನ್ನು ಕಮಾನಾಗುತ್ತದೆ, ಉಸಿರು ಬಿಗಿಯಾಗುತ್ತದೆ, ಕೈ ಬೀಸುವುದು ನಿಲ್ಲುತ್ತದೆ. ಹತ್ತು ನಿಮಿಷಕ್ಕೆ ಸುಸ್ತಾಗಿ ಮತ್ತೆ ಗೂನು ಬೀಳುತ್ತದೆ.

ಒಳ್ಳೆಯ ಭಂಗಿ ನೋಡಬೇಕಾದರೆ ಸಂತೆಗೆ ಹೋಗಿ. ತಲೆ ಮೇಲೆ ಸಿಂಬಿ ಇಟ್ಟು ಬುಟ್ಟಿ ಹೊತ್ತು ಬರುವ ಹೆಂಗಸರನ್ನು ಗಮನಿಸಿ. ಯಾರೂ ಎದೆ ಉಬ್ಬಿಸಿರುವುದಿಲ್ಲ. ಕತ್ತು ಉದ್ದವಾಗಿರುತ್ತದೆ, ಗದ್ದ ಸ್ವಲ್ಪ ಒಳಗಿರುತ್ತದೆ, ಕಣ್ಣು ದಾರಿಯ ಮೇಲೆ ದೂರಕ್ಕಿರುತ್ತದೆ. ಹೆಜ್ಜೆ ಚಿಕ್ಕದು. ಬುಟ್ಟಿ ಅಲ್ಲಾಡಬಾರದು ಅನ್ನುವ ಒಂದೇ ಕಾರಣಕ್ಕೆ ಕಾಲು ಮೆತ್ತಗೆ ಬೀಳುತ್ತದೆ, ಸೊಂಟ ಮಂಡಿ ಎಲ್ಲ ಹೊಡೆತ ತಿನ್ನುತ್ತವೆ. ನಾನು ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಕೊಡುವ ಉಪನ್ಯಾಸ ಅವರ ನಡಿಗೆಯಲ್ಲಿದೆ. ಭಾರ ಹೊರುವುದು ಒಳ್ಳೆಯದು ಅಂತ ಹೇಳುತ್ತಿಲ್ಲ, ಆ ಕಷ್ಟ ಅವರಿಗೇ ಗೊತ್ತು. ನೀವು ಬುಟ್ಟಿ ಇದೆ ಅಂತ ಅಂದುಕೊಂಡು ನಡೆದರೆ ಸಾಕು.

ನೋಟ ನಾಲ್ಕೈದು ಮಾರು ಮುಂದಿರಲಿ. ತಲೆಯ ತೂಕ ಸುಮಾರು ಐದು ಕೆ.ಜಿ. ಅದು ಮುಂದಕ್ಕೆ ಬಾಗಿದರೆ ಬೆನ್ನೂ ಬಾಗುತ್ತದೆ, ದೇಹದ ಭಾರ ಮುಂದೆ ಹೋಗುತ್ತದೆ, ಬೀಳದಿರಲು ಕಾಲು ಇನ್ನೂ ಮುಂದಕ್ಕೆ ಚಾಚಬೇಕಾಗುತ್ತದೆ. ವಾಟ್ಸಾಪ್ ನೋಡುತ್ತಾ ನಡೆಯುವವರ ಕಥೆ ಇದು. ನಿಮ್ಮ ಕೆರೆಯಲ್ಲಿ ಹೆಜ್ಜಾರ್ಲೆಗಳಿರುತ್ತವಲ್ಲ, ಫೋನಿನ ಬದಲು ಅವುಗಳನ್ನು ನೋಡಿ. ನೆಲ ಒರಟಿದ್ದ ಕಡೆ ಮಾತ್ರ ಕಣ್ಣನ್ನು ಕೆಳಗೆ ಹೊರಳಿಸಿ, ಕತ್ತನ್ನಲ್ಲ.

ಕೈ ಬೀಸಲಿ. ಬಲಗಾಲು ಮುಂದೆ ಹೋದಾಗ ಎಡಗೈ ಮುಂದೆ ಹೋಗುವುದು ಸುಮ್ಮನೆ ಅಲ್ಲ. ಕಾಲಿನ ಓಟಕ್ಕೆ ಮೈ ತಿರುಚಿಕೊಳ್ಳದಂತೆ ಕೈ ತಡೆಯುತ್ತದೆ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಡೆಯುವ ಹಿರಿಯರು ನಮ್ಮಲ್ಲಿ ತುಂಬಾ. ನೋಡಲು ಗಂಭೀರವಾಗಿರುತ್ತದೆ, ಆದರೆ ಆ ಕೆಲಸವೆಲ್ಲ ಸೊಂಟಕ್ಕೆ ಬೀಳುತ್ತದೆ. ವಾಕಿಂಗ್ ಮುಗಿಸಿ ಬರುವಾಗ ತರಕಾರಿ ತರುತ್ತೀರಾದರೆ ಒಂದೇ ಕೈಯಲ್ಲಿ ಐದು ಕೆ.ಜಿ. ಬ್ಯಾಗ್ ಬೇಡ, ಎರಡು ಕೈಗೆ ಹಂಚಿ.

ಹಿಂದಿನಿಂದ ತೆಗೆದ ವಿಡಿಯೊ ನೋಡಿ ಅಂದೆನಲ್ಲ, ಅದರಲ್ಲಿ ನೋಡಬೇಕಾದ್ದು ಸೊಂಟ. ಬಲಗಾಲ ಮೇಲೆ ನಿಂತಾಗ ಎಡ ಸೊಂಟ ಕೆಳಗೆ ಜಾರುತ್ತಿದೆಯಾ? ಅಥವಾ ಇಡೀ ಮೈ ಬಲಕ್ಕೆ ವಾಲುತ್ತಿದೆಯಾ, ಬಾತುಕೋಳಿಯ ಹಾಗೆ? ಹಾಗಿದ್ದರೆ ಬಲ ಸೊಂಟದ ಪಕ್ಕದ ಸ್ನಾಯು ಸೋತಿರುವ ಸಾಧ್ಯತೆ ಹೆಚ್ಚು. ಜರ್ಮನಿಯ ಸರ್ಜನ್ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ಇದನ್ನು ವಿವರಿಸಿದ್ದ. ಇವತ್ತಿಗೂ ನಾವು ಅವನ ಹೆಸರಿನ ಪರೀಕ್ಷೆಯನ್ನೇ ಮಾಡುತ್ತೇವೆ, ಒಂಟಿ ಕಾಲಲ್ಲಿ ನಿಲ್ಲಿಸಿ ಸೊಂಟ ನೋಡುವುದು. ನೋವು ಮಂಡಿಯಲ್ಲಿದ್ದರೂ ಸೋತಿರುವುದು ಸೊಂಟ ಇರಬಹುದು. ಸೊಂಟ ಹಿಡಿತ ತಪ್ಪಿದರೆ ತೊಡೆ ಒಳಕ್ಕೆ ತಿರುಗುತ್ತದೆ, ಆ ತಿರುಚನ್ನು ಮಧ್ಯದಲ್ಲಿ ಸಿಕ್ಕಿದ ಮಂಡಿ ತಿನ್ನುತ್ತದೆ.

ಇದನ್ನು ನಡಿಗೆಯಲ್ಲಿ "ನೆಟ್ಟಗೆ ನಡೆಯುತ್ತೇನೆ" ಅಂತ ಮನಸ್ಸು ಮಾಡಿ ಸರಿಮಾಡಲು ಆಗುವುದಿಲ್ಲ. ಸ್ನಾಯುವಿಗೆ ಶಕ್ತಿಯೇ ಇಲ್ಲದಿದ್ದರೆ ಮನಸ್ಸು ಏನು ಮಾಡೀತು? ಅದಕ್ಕೆ ಬೇರೆ ವ್ಯಾಯಾಮ ಬೇಕು. ಅಡುಗೆಕಟ್ಟೆ ಹಿಡಿದು ನೆಟ್ಟಗೆ ನಿಲ್ಲಿ. ಒಂದು ಕಾಲನ್ನು ಪಕ್ಕಕ್ಕೆ ಒಂದಡಿಯಷ್ಟು ಎತ್ತಿ, ನಿಧಾನ ಇಳಿಸಿ. ಮೈ ವಾಲಬಾರದು, ಪಾದದ ತುದಿ ಮುಂದಕ್ಕೇ ಇರಬೇಕು. ಹತ್ತು ಸಲ ಒಂದು ಕಡೆ, ಹತ್ತು ಸಲ ಇನ್ನೊಂದು ಕಡೆ. ಅನ್ನದ ಕುಕ್ಕರ್ ಮೂರು ವಿಷಲ್ ಕೂಗುವಷ್ಟರಲ್ಲಿ ಎರಡು ಸುತ್ತು ಆಗುತ್ತದೆ. ಅದೇ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಹದಿನೈದು ಸಲ ಮಾಡಿ, ಹೆಬ್ಬೆರಳಿನ ತಳ್ಳು ವಾಪಸ್ ಬರುವುದು ಇದರಿಂದಲೇ.

ತೊಡೆಗೆ ಕುರ್ಚಿಯಷ್ಟು ಒಳ್ಳೆಯ ಜಿಮ್ ಇಲ್ಲ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯ ಮೇಲೆ ಕೂತು, ಕೈ ಎದೆಗೆ ಕಟ್ಟಿ, ಎದ್ದು ನಿಂತು ಮತ್ತೆ ಕೂರಿ. ಕೂರುವಾಗ ಧೊಪ್ಪಂತ ಬೀಳಬಾರದು. ಇದೇ ನಿಮ್ಮ ಪರೀಕ್ಷೆಯೂ ಹೌದು. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದಿರಿ ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಲೆಕ್ಕದಲ್ಲಿ 60ರಿಂದ 64 ವರ್ಷದ ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಶಕ್ತಿ ಸರಾಸರಿಗಿಂತ ಕಡಿಮೆ ಅಂತ. ಅದೇ ವಯಸ್ಸಿನ ಗಂಡಸರಿಗೆ 14. ಕಡಿಮೆ ಬಂದರೆ ಬೇಜಾರು ಬೇಡ. ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತರ ಎರಡು ಸುತ್ತು. ಮಂಡಿ ನೋಯುತ್ತದೆ ಅಂದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಸ್ನಾಯು ಬಲ ಬಂದದ್ದು ಗೊತ್ತಾಗಲು ಆರರಿಂದ ಎಂಟು ವಾರ ಬೇಕು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ವೃತ್ತಿಯ ಶುರುವಿನಲ್ಲಿ ಒಬ್ಬ ಹಿರಿಯರು ಬಂದಿದ್ದರು. ಪಾದಗಳನ್ನು ಹೊರಕ್ಕೆ ತಿರುಗಿಸಿ ನಡೆಯುತ್ತಿದ್ದರು, ಗಡಿಯಾರದ ಹತ್ತು ಹತ್ತರ ಮುಳ್ಳಿನ ಹಾಗೆ. ಪುಸ್ತಕದಲ್ಲಿದ್ದಂತೆ ಪಾದ ನೇರ ಮಾಡಿಸಿದೆ. ಶಿಸ್ತಿನ ಮನುಷ್ಯ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಮೂರು ವಾರ ಬಿಟ್ಟು ಬಂದಾಗ ಮಂಡಿ ನೋವು ಅಲ್ಲೇ ಇತ್ತು, ಜೊತೆಗೆ ತೊಡೆ ಸಂದಿಯ ನೋವು ಹೊಸದಾಗಿ ಸೇರಿತ್ತು. ಅವರ ಸೊಂಟದ ಮೂಳೆಯ ತಿರುವೇ ಹಾಗಿತ್ತು. ನಾನು ನೇರ ಮಾಡಿದ್ದು ಪಾದವನ್ನಲ್ಲ, ಸೊಂಟವನ್ನು ತಿರುಚಿದ್ದೆ.

ಪಾದದ ಕೋನ ಬದಲಿಸಿದರೆ ಮಂಡಿಯ ಒಳಬದಿಯ ಭಾರ ಬದಲಾಗುತ್ತದೆ ಅನ್ನುವುದು ನಿಜ. 2025ರಲ್ಲಿ ಲ್ಯಾನ್ಸೆಟ್ ರುಮಟಾಲಜಿ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ ಹೀಗೆ ಮಾಡಿ ನೋವು ಕಡಿಮೆ ಮಾಡಿದ್ದಾರೆ. ಆದರೆ ಹೇಗೆ? ಪ್ರತಿಯೊಬ್ಬರನ್ನೂ ಪ್ರಯೋಗಾಲಯದಲ್ಲಿ ನಡೆಸಿ, ಅಳೆದು, ಇವರಿಗೆ ಒಳಕ್ಕಾ ಹೊರಕ್ಕಾ, 5 ಡಿಗ್ರಿಯಾ 10 ಡಿಗ್ರಿಯಾ ಅಂತ ನೋಡಿ ಆಮೇಲೆ ಕಲಿಸಿದರು. ಒಬ್ಬರಿಗೆ ಭಾರ ಇಳಿಸುವ ಕೋನ ಇನ್ನೊಬ್ಬರಿಗೆ ಏರಿಸಬಹುದು. ಯೂಟ್ಯೂಬ್ ನೋಡಿ ಪಾದ ತಿರುಗಿಸಲು ಹೋಗಬೇಡಿ. ನಿಮ್ಮ ಪಾದ ಸಹಜವಾಗಿ ಎತ್ತ ನೋಡುತ್ತದೋ ಅತ್ತ ನೋಡಲಿ, ಮಂಡಿ ಚಿಪ್ಪೂ ಅದೇ ದಿಕ್ಕಿಗೆ ಇರಲಿ.

ಶೂ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಸಾವಿರಾರು ರೂಪಾಯಿಯ ಜೋಡಿ ತೋರಿಸಿಯೇ ತೋರಿಸುತ್ತಾರೆ. ಬೆಲೆಗೂ ಮಂಡಿಗೂ ಸಂಬಂಧ ಇಲ್ಲ. ಹಿಮ್ಮಡಿ ಎತ್ತರ ಇರಬಾರದು. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಸಡಿಲವಾದ ಹವಾಯಿ ಚಪ್ಪಲಿಯಲ್ಲಿ ವಾಕಿಂಗ್ ಬೇಡ, ಜಾರದಿರಲೆಂದು ಬೆರಳು ಅದನ್ನು ಕಚ್ಚಿ ಹಿಡಿಯುತ್ತದೆ, ಪಾದ ಉರುಳುವುದೇ ಇಲ್ಲ. ಸಕ್ಕರೆ ಕಾಯಿಲೆ ಇದ್ದರೆ ಬರಿಗಾಲ ನಡಿಗೆಯ ಸಾಹಸವೂ ಬೇಡ.

ದಾರಿಯನ್ನು ಮಾತ್ರ ಸ್ವಲ್ಪ ಯೋಚಿಸಿ ಆರಿಸಿಕೊಳ್ಳಿ. ಡಾಂಬರು ರಸ್ತೆ ಅಂಚಿಗೆ ಇಳಿಜಾರಾಗಿರುತ್ತದೆ, ಮಳೆ ನೀರು ಹೋಗಲೆಂದು. ದಿನಾ ಅದರ ಒಂದೇ ಅಂಚಿನಲ್ಲಿ ನಡೆದರೆ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಇದ್ದ ಹಾಗೆ. ಪಾರ್ಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸುತ್ತುತ್ತಾರೆ. ಸಣ್ಣ ಸುತ್ತಾದರೆ ಒಳಗಿನ ಕಾಲಿಗೆ ಪ್ರತಿ ತಿರುವಿನಲ್ಲೂ ಒಂದೇ ಬಗೆಯ ಒತ್ತಡ. ನಡುವೆ ಒಂದು ದಿನ ಉಲ್ಟಾ ಸುತ್ತಿ. ಎದುರಿಗೆ ಸಿಗುವವರೆಲ್ಲ ನಮಸ್ಕಾರ ಹೇಳುತ್ತಾರೆ, ಅದೊಂದೇ ತೊಂದರೆ.

ಚಾಮುಂಡಿ ಬೆಟ್ಟದ ವಿಷಯವನ್ನೂ ಇಲ್ಲೇ ಹೇಳುತ್ತೇನೆ, ಮೈಸೂರಿನವರು ಕೇಳದೆ ಬಿಡುವುದಿಲ್ಲ. ಸಾವಿರ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು, ಮಂಡಿ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ನಿಮಗೆ ಇಳಿಯುವಾಗ ನೋವು ಜಾಸ್ತಿ ಆಗುವುದು ಇದಕ್ಕೇ. ನೋವು ಕಡಿಮೆಯಾಗುವ ತನಕ ಬೆಟ್ಟ ಬೇಡ. ಆಮೇಲೆ ಹೋಗುವುದಾದರೆ ಹತ್ತಿ ಹೋಗಿ, ಸಿಟಿ ಬಸ್ಸಿನಲ್ಲಿ ಇಳಿದು ಬನ್ನಿ. ತಾಯಿ ಏನೂ ಅಂದುಕೊಳ್ಳುವುದಿಲ್ಲ. ಮನೆಯ ಮೆಟ್ಟಿಲಿಗೆ ಒಂದು ನಿಯಮ ನೆನಪಿಡಿ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕೈ ಕಂಬಿಯ ಮೇಲೆ.

ಕೋಲಿನ ಮಾತು ಎತ್ತಿದರೆ ಎಲ್ಲರ ಮುಖ ಸಣ್ಣದಾಗುತ್ತದೆ. ನಿಮಗೆ ಈಗ ಬೇಕಿಲ್ಲ. ಆದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಕುಂಟುತ್ತಾ ನಡೆಯುವುದಕ್ಕಿಂತ ಕೋಲು ಹಿಡಿದು ನೆಟ್ಟಗೆ ನಡೆಯುವುದು ಕೀಲಿಗೆ ಒಳ್ಳೆಯದು. ಕೋಲು ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು, ಬಲ ಮಂಡಿ ನೋವಿಗೆ ಎಡಗೈ. ಹತ್ತರಲ್ಲಿ ಎಂಟು ಜನ ತಪ್ಪು ಕೈಯಲ್ಲೇ ಹಿಡಿದು ಬರುತ್ತಾರೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬಂದರೆ ಅಳತೆ ಸರಿ. ಅಜ್ಜನ ಕೋಲು ಮನೆಯಲ್ಲಿದೆ ಅಂತ ಅದನ್ನೇ ಹಿಡಿಯಬೇಡಿ, ಅಜ್ಜ ಆರಡಿ ಇದ್ದಿರಬಹುದು.

ಎಷ್ಟು ನಡೆಯಬೇಕು? ಸದ್ಯ 45 ನಿಮಿಷವನ್ನು ಒಟ್ಟಿಗೆ ಬೇಡ. ನಿಮಗೆ 20ನೇ ನಿಮಿಷಕ್ಕೆ ನೋವು ಶುರು ಅಂದಿರಿ. ಹಾಗಾದರೆ ಬೆಳಿಗ್ಗೆ 15, ಸಂಜೆ 15. ಒಟ್ಟಿಗೆ ಅರ್ಧ ಗಂಟೆ ನಡೆದಷ್ಟೇ ಲಾಭ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷದ ಮಧ್ಯಮ ವೇಗದ ಚಟುವಟಿಕೆ ಅನ್ನುತ್ತದೆಯೇ ಹೊರತು ಒಂದೇ ಏಟಿಗೆ ಮುಗಿಸಿ ಅನ್ನುವುದಿಲ್ಲ. ದಿನಕ್ಕೆ 10,000 ಹೆಜ್ಜೆ ಅನ್ನುವುದು ಡಾಕ್ಟರರು ಕಂಡುಹಿಡಿದ ಸಂಖ್ಯೆಯೂ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಿಟ್ಟು ಅದಕ್ಕೆ "ಮಾನ್‌ಪೋ ಕೇ" ಅಂತ ಹೆಸರಿಟ್ಟಿತು, ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಆ ಸಂಖ್ಯೆ ಪ್ರಪಂಚದ ತುಂಬಾ ಉಳಿದುಕೊಂಡಿತು. ಕೈಗಡಿಯಾರ 9,200 ತೋರಿಸುತ್ತಿದೆ ಅಂತ ನೋಯುವ ಮಂಡಿಯಲ್ಲಿ ರಾತ್ರಿ ಮನೆಯೊಳಗೇ ಸುತ್ತುವವರನ್ನು ನಾನು ಬಲ್ಲೆ.

ನೋವಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ನೀವೇ ಕೊಟ್ಟುಕೊಳ್ಳಿ. ನಡೆಯುವಾಗ ಮೂರರವರೆಗೆ ಇದ್ದರೆ ಪರವಾಗಿಲ್ಲ, ಮುಂದುವರಿಸಿ. ಐದು ದಾಟಿದರೆ ನಿಲ್ಲಿಸಿ. ಮುಗಿದ ಮೇಲೆ ಜಾಸ್ತಿಯಾದ ನೋವು ಮರುದಿನ ಅದೇ ಹೊತ್ತಿಗೆ ಇಳಿದಿರಬೇಕು. ಇಳಿದಿಲ್ಲ ಅಂದರೆ ನಿನ್ನೆ ಜಾಸ್ತಿಯಾಯಿತು ಅಂತ, ಐದು ನಿಮಿಷ ಕಡಿಮೆ ಮಾಡಿ. ಇಳಿದಿದ್ದರೆ ವಾರಕ್ಕೆ ಎರಡು ಮೂರು ನಿಮಿಷ ಸೇರಿಸುತ್ತಾ ಹೋಗಿ. ಮೊದಲ ಐದು ನಿಮಿಷ ಯಾವಾಗಲೂ ನಿಧಾನ. ಪೂಜೆಗೆ ನೆಲದ ಮೇಲೆ ಕೂತು ಎದ್ದ ತಕ್ಷಣ ಚಪ್ಪಲಿ ಮೆಟ್ಟಿ ಹೊರಡಬೇಡಿ, ಕೂತಲ್ಲಿ ಹತ್ತು ಸಲ ಮಂಡಿ ಮಡಚಿ ಬಿಡಿಸಿ ಏಳಿ.

ತೂಕದ ಬಗ್ಗೆ ಉಪದೇಶ ಕೇಳಿ ಕೇಳಿ ನಿಮಗೆ ಸಾಕಾಗಿರುತ್ತದೆ. ಅದಕ್ಕೇ ಒಂದು ಲೆಕ್ಕ ಮಾತ್ರ ಕೊಡುತ್ತೇನೆ. 2005ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸ್ಟೀಫನ್ ಮೆಸಿಯರ್ ಮತ್ತು ಜೊತೆಯವರು ಮಂಡಿ ಸವೆತವಿದ್ದ, ತೂಕ ಹೆಚ್ಚಿದ್ದ ಹಿರಿಯರ ನಡಿಗೆಯನ್ನು ಅಳೆದರು. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆ. ನೀವು ಮೂರು ಕೆ.ಜಿ. ಇಳಿಸಿದರೆ ಹೆಜ್ಜೆಗೆ 12 ಕೆ.ಜಿ. ನಿಮಿಷಕ್ಕೆ 100 ಹೆಜ್ಜೆಯಂತೆ 45 ನಿಮಿಷಕ್ಕೆ 4,500, ಅದರಲ್ಲಿ ಬಲಗಾಲಿಗೆ 2,250. ಗುಣಿಸಿ ನೋಡಿ, 27,000 ಕೆ.ಜಿ. ಬರುತ್ತದೆ. ಹತ್ತು ಕೆ.ಜಿ. ಇಳಿಸಬೇಕು ಅಂತ ಹೆದರಿ ಶುರುವನ್ನೇ ಮಾಡದವರಿಗೆ ನಾನು ಈ ಮೂರು ಕೆ.ಜಿ. ಲೆಕ್ಕ ಹೇಳುತ್ತೇನೆ.

ಇಷ್ಟನ್ನೂ ನಾಳೆಯೇ ಮಾಡಲು ಹೋಗಬೇಡಿ. ಹೆಜ್ಜೆ, ನೋಟ, ಕೈ, ಹಿಮ್ಮಡಿ ಎಲ್ಲವನ್ನೂ ಒಟ್ಟಿಗೆ ಯೋಚಿಸುತ್ತಾ ನಡೆದರೆ ನಡೆಯುವುದೇ ಮರೆತುಹೋಗುತ್ತದೆ. ಮೊದಲ ಎರಡು ವಾರ ಹೆಜ್ಜೆ ಎಣಿಕೆ ಮತ್ತು ಸದ್ದು ಮಾತ್ರ, ಮನೆಯಲ್ಲಿ ಕುರ್ಚಿ ಮತ್ತು ಅಡುಗೆಕಟ್ಟೆ. ಮೂರನೇ ವಾರದಿಂದ ಬುಟ್ಟಿಯನ್ನು ನೆನಪಿಸಿಕೊಳ್ಳಿ. ಎಂಟು ವಾರ ಬಿಟ್ಟು ಏರಿಯ ಅದೇ ಜಾಗದಲ್ಲಿ, ಅದೇ ಚಪ್ಪಲಿಯಲ್ಲಿ ಮತ್ತೆ ವಿಡಿಯೊ ತೆಗೆಸಿ, ಹಳೆಯದರ ಪಕ್ಕ ಇಟ್ಟು ಸದ್ದು ಜೋರು ಮಾಡಿ ನೋಡಿ. ನೋವು ಅಲ್ಲಿಯವರೆಗೂ ಒಂದಿಷ್ಟೂ ಜಗ್ಗಿಲ್ಲ ಅಂದರೆ ಎರಡೂ ವಿಡಿಯೊ ಹಿಡಿದುಕೊಂಡು ನಿಮ್ಮ ಹತ್ತಿರದ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಸೊಂಟವನ್ನೂ ನೋಡಲು ಹೇಳಿ. ತೊಡೆ ಸಂದಿಯ ಕೀಲಿನ ನೋವು ಕೆಲವು ಸಲ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ, ಆಗ ಮಂಡಿಯ ಎಕ್ಸ್‌ರೇ ಎಷ್ಟು ಸಲ ತೆಗೆದರೂ ಉತ್ತರ ಸಿಗುವುದಿಲ್ಲ.